ನೀರು ಬಿದ್ದಿದೆ, ನೀರು ಬಿದ್ದಿಲ್ಲ

ಬುಧವಾರ ಬೆಳಿಗ್ಗೆ ಎಂಟೂವರೆಗೆ ತ್ರಿವಿಕ್ರಮ ಬೇಸ್‌ಮೆಂಟಿನಲ್ಲಿ ನಿಂತಿದ್ದ ತನ್ನ ಕಾರಿನ ಕೀಲಿ ತಿರುಗಿಸಿದಾಗ, ಎಂಜಿನ್ನಿಗಿಂತ ಮೊದಲು ವೈಪರ್ ಎದ್ದು ಕೂತಿತು. ಅದನ್ನು ಮಲಗಿಸಲು ಹೋದರೆ ಹಾರ್ನ್ ಕೂಗತೊಡಗಿತು. ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿದರೆ ಹಾರ್ನ್ ಸುಮ್ಮನಾಗುತ್ತಿತ್ತು, ಎಡಕ್ಕೆ ತಿರುಗಿಸಿದರೆ ತವರಿಗೆ ಹೊರಟ ಹೆಣ್ಣುಮಗಳನ್ನು ತಡೆದಂತೆ ಮತ್ತೆ ಶುರು.

ಕಾರಣವನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಅದು ನೆತ್ತಿಯ ಮೇಲೆಯೇ ಇತ್ತು. ಬೇಸ್‌ಮೆಂಟಿನ ಚಾವಣಿಯ ಬಿರುಕೊಂದರಿಂದ ಸುಣ್ಣ ಬೆರೆತ ನೀರು ಮೂರು ತಿಂಗಳಿಂದ ಆ ಕಾರಿನ ಬಾನೆಟ್ಟಿನ ಮೇಲೆ ಹನಿಹನಿಯಾಗಿ ಬೀಳುತ್ತಿತ್ತು. ಶಿವಲಿಂಗಕ್ಕೆ ಕೂಡ ಅಷ್ಟು ನಿಯಮದಿಂದ ಅಭಿಷೇಕ ಮಾಡುವ ಅರ್ಚಕರು ಈಗ ಸಿಗುವುದಿಲ್ಲ.

ಜಕ್ಕೂರಿನ ಆ ಅಪಾರ್ಟ್‌ಮೆಂಟಿನ ಹೆಸರು ‘ಸರೋವರ ಸನ್ನಿಧಿ’. ಜಕ್ಕೂರು ಕೆರೆಯ ದರ್ಶನ ಆಗಬೇಕಾದರೆ ಟೆರೇಸಿನ ನೀರಿನ ಟ್ಯಾಂಕಿನ ಮೇಲೆ ಹತ್ತಿ ತುದಿಗಾಲಲ್ಲಿ ನಿಲ್ಲಬೇಕಿತ್ತು. ಆ ಕೊರತೆ ನೀಗಿಸಲೆಂದೇ ಬಿಲ್ಡರ್ ಬೇಸ್‌ಮೆಂಟಿನಲ್ಲಿ ಒಂದು ಖಾಸಗಿ ಸರೋವರ ಕೊಟ್ಟಿದ್ದಾರೆ ಎಂದು ನಿವಾಸಿಗಳು ತಮ್ಮತಮ್ಮಲ್ಲೇ ಸಮಾಧಾನ ಹೇಳಿಕೊಳ್ಳುತ್ತಿದ್ದರು.

ಹಾರ್ನ್ ಕೇಳಿ ಜನ ಸೇರಿದರು. ಮೊದಲು ಬಂದವಳು ತ್ರಿವಿಕ್ರಮನ ಹೆಂಡತಿ ಪಂಕಜಾ.

“ಏನ್ರೀ ಇದು? ನಾಳೆ ಬೆಳಿಗ್ಗೆ ಆರಕ್ಕೆಲ್ಲ ತುಮಕೂರಿಗೆ ಹೊರಡ್ಬೇಕು. ನನ್ನ ತಂಗಿ ಗೃಹಪ್ರವೇಶಕ್ಕೆ ನಾವು ಕಾರಲ್ಲಿ ಬರ್ತೀವಿ ಅಂತ ಇಡೀ ವಂಶಕ್ಕೆ ಹೇಳಿದೀನಿ. ಇದು ಹಿಂಗೆ ಬಡ್ಕೊಂಡ್ರೆ ಹೆಂಗೆ?”

“ಹೆದರಬೇಡ,” ಎಂದ ತ್ರಿವಿಕ್ರಮ. “ಇವತ್ತು ಯಾವ ದಿನ ಗೊತ್ತಾ?”

“ಬುಧವಾರ.”

“ಅದಲ್ಲ ಕಣೇ. ಕರಾರಿನ ಕೊನೇ ದಿನ.”

ತ್ರಿವಿಕ್ರಮ ಒಂದು ಖಾಸಗಿ ಕಾಲೇಜಿನ ಗ್ರಂಥಪಾಲಕ. ಕಾಲೇಜಿನಲ್ಲಿ ಪುಸ್ತಕ ಓದುವವರು ನಿಂತುಹೋದ ಮೇಲೆ, ಓದುವ ಕೆಲಸವನ್ನೂ ಅವನೇ ವಹಿಸಿಕೊಂಡಿದ್ದ. ಮಾತ್ರೆ ಡಬ್ಬಿಯೊಳಗಿನ ಚೀಟಿ, ಬಸ್ ಟಿಕೆಟ್ಟಿನ ಹಿಂಭಾಗ, ಮಿಕ್ಸಿಯ ಗ್ಯಾರಂಟಿ ಕಾರ್ಡು, ಯಾವುದನ್ನೂ ಅವನು ಬಿಟ್ಟವನಲ್ಲ. ಐದು ವರ್ಷದ ಹಿಂದೆ ಫ್ಲಾಟಿನ ಗೃಹಪ್ರವೇಶದ ದಿನವೇ ಹೊಸ ಕಾರನ್ನೂ ಮನೆಗೆ ತಂದಿದ್ದ. ಪುರೋಹಿತರು ಒಂದೇ ಹೊಗೆಯಲ್ಲಿ ಎರಡಕ್ಕೂ ಮಂಗಳಾರತಿ ಮಾಡಿದ್ದರು. ಕಾರಿಗೆ ಐದು ವರ್ಷದ ಮೇಂಟೆನೆನ್ಸ್ ಪ್ಯಾಕೇಜು, ನಲವತ್ತೆಂಟು ಪುಟ. ಕಟ್ಟಡಕ್ಕೆ ಐದು ವರ್ಷದ ದುರಸ್ತಿ ಹೊಣೆಯ ಕರಾರು, ಅರವತ್ತೆರಡು ಪುಟ. ಎರಡನ್ನೂ ಪೂರ್ತಿ ಓದಿದ ಏಕೈಕ ವ್ಯಕ್ತಿ ಭೂಮಿಯ ಮೇಲೆ ಅವನೊಬ್ಬನೇ. ಬರೆದ ವಕೀಲರು ಕೂಡ ಓದಿರಲಿಕ್ಕಿಲ್ಲ. ಎರಡರ ಅವಧಿಯೂ ಅಂದು ಸಂಜೆ ಮುಗಿಯುತ್ತಿತ್ತು.

“ಸಂಜೆ ಒಳಗೆ ಕಾರೂ ರಿಪೇರಿ, ಚಾವಣೀನೂ ರಿಪೇರಿ. ಎರಡೂ ಪುಕ್ಕಟೆ,” ಎಂದು ಅವನು ಗಂಟಲು ಏರಿಸಿ ಹೇಳಿದ. ಗಂಟಲು ಏರಿಸಿದ್ದು ಹಾರ್ನಿನ ಸದ್ದಿಗೆ. ಆದರೆ ಕೇಳಿಸಬಾರದವರಿಗೂ ಕೇಳಿಸಿತು.

ಎರಡನೇ ಮಹಡಿಯ ನೂರ್‌ಜಹಾನ್ ಮೇಡಂ ಶಾಲೆಯಲ್ಲಿ ಗಣಿತದ ಟೀಚರು. ರಜೆ ಹಾಕಿ ಮನೆಯಲ್ಲಿದ್ದವರಿಗೆ, ಪಾಠ ಹೇಳಲು ಮಕ್ಕಳಿಲ್ಲದೆ ಕೈ ಕಟ್ಟಿದಂತಾಗಿತ್ತು. “ಸರ್, ಬಿಲ್ಡರ್ ಹತ್ರ ಹೋಗೋದಾದ್ರೆ ನಮ್ಮ ಬಾತ್‌ರೂಮ್ ಟೈಲ್ಸೂ ಸೇರಿಸ್ಕೊಳ್ಳಿ. ಒಬ್ರೇ ಯಾಕೆ ಹೋಗ್ತೀರಾ, ಎಲ್ಲರದ್ದೂ ಒಂದೇ ಅರ್ಜೀಲಿ ಬರ್ಲಿ. ನೀವು ಬರೋಷ್ಟ್ರಲ್ಲಿ ನಾನೇ ಬರೆಸಿ ಇಟ್ಟಿರ್ತೀನಿ.”

ತ್ರಿವಿಕ್ರಮ ಬೇಡ ಎನ್ನಬೇಕೆಂದುಕೊಂಡ. ಆದರೆ ಕಾರು ಎಡಕ್ಕೆ ತಿರುಗಿತ್ತು, ಅವನ ಮಾತು ಅವನಿಗೇ ಕೇಳಿಸಲಿಲ್ಲ.

ಸರ್ವಿಸ್ ಸೆಂಟರ್ ಇದ್ದುದು ಕೊಡಿಗೇಹಳ್ಳಿ ಗೇಟಿನ ಆಚೆ. ಬಿರುಬಿಸಿಲಲ್ಲಿ ವೈಪರ್ ಆಡಿಸಿಕೊಂಡು ಹೋಗುವ ಕಾರನ್ನು ಜನ ಅನುಕಂಪದಿಂದ ನೋಡಿದರು. ಸಿಗ್ನಲ್ಲಿನಲ್ಲಿ ಎಡಕ್ಕೆ ಓರೆಯಾಗಿ ನಿಲ್ಲಬೇಕಾಗಿ ಬಂತು. ಹಾರ್ನ್ ತೊಂಬತ್ತು ಸೆಕೆಂಡು ಬಿಡದೆ ಕೂಗಿತು. ಮುಂದಿದ್ದ ಬೈಕಿನವನು ಸಾವಧಾನವಾಗಿ ಸ್ಟ್ಯಾಂಡ್ ಹಾಕಿ ಇಳಿದು ಬಂದು ಕಿಟಕಿಗೆ ಬಾಗಿದ. ಮೇಲೆ ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನವೊಂದು ಗುಂಯ್‌ಗುಡುತ್ತ ಹೋಗುತ್ತಿತ್ತು. ಅವನು ಅದನ್ನು ತೋರಿಸಿ, “ಗುರು, ಅಷ್ಟು ಅರ್ಜೆಂಟಿದ್ರೆ ಅದನ್ನ ಹತ್ಬೇಕಿತ್ತು,” ಎಂದು ಹೇಳಿ, ಬಂದಷ್ಟೇ ಸಾವಧಾನವಾಗಿ ವಾಪಸು ಹೋದ.

ಸರ್ವಿಸ್ ಸೆಂಟರಿನ ಹಿರಿಯ ಮೆಕ್ಯಾನಿಕ್ ಮುನೇಶ್ ಬಾನೆಟ್ ಎತ್ತಿ, ಬಗ್ಗಿ, ಬೆರಳು ಹಾಕಿ, ಬೆರಳನ್ನು ಮೂಸಿ, ಕೊನೆಗೆ ನಾಲಿಗೆಗೂ ತಾಗಿಸಿ ನೋಡಿದ.

“ಸುಣ್ಣದ ನೀರು ಸಾರ್. ಫ್ಯೂಸ್ ಬಾಕ್ಸ್ ಒಳಗೆಲ್ಲ ಇಳ್ದೈತೆ. ಬೇಸ್‌ಮೆಂಟಲ್ಲಿ ಸೋರ್ತಾ ಇದ್ಯಾ?”

“ಸೋರ್ತಿದೆ ಅಂದ್ರೆ ಏನಪ್ಪಾ, ಕಾವೇರಿ ಸಂಪರ್ಕ ಇದ್ದ ಹಾಗಿದೆ,” ಎಂದ ತ್ರಿವಿಕ್ರಮ, ಸತ್ಯವಂತರಿಗೆ ಮುಂದೆ ಏನು ಕಾದಿರುತ್ತದೆಂದು ತಿಳಿಯದೆ.

ಮುನೇಶ್ ಅಚ್ಚುಕಟ್ಟಿನ ಮನುಷ್ಯ. ಸೆಂಟರಿನ ಹೆಸರಿದ್ದ ಹಾಳೆಯ ಮೇಲೆ, ‘ಕಟ್ಟಡದ ಚಾವಣಿಯಿಂದ ನೀರು ಬಿದ್ದು ಕಾರಿನ ವಿದ್ಯುತ್ ಭಾಗಗಳು ಕೆಟ್ಟಿವೆ’ ಎಂದು ಗುಂಡಗೆ ಬರೆದು, ಸಹಿ ಮಾಡಿ, ಮೊಹರು ಒತ್ತಿ, ಕೈಗೆ ಕೊಟ್ಟ. ತ್ರಿವಿಕ್ರಮ ಅದನ್ನು ಹಿಡಿದುಕೊಂಡು ಒಳಗೆ, ಸೆಂಟರಿನ ಒಡತಿಯ ಕೋಣೆಗೆ ಹೋದ.

ಒಡತಿಯ ಹೆಸರು ದಿವ್ಯ. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ನಗುನಗುತ್ತ ಇಲ್ಲ ಎನ್ನುವುದನ್ನು ಚೆನ್ನಾಗಿ ಕಲಿತಿದ್ದಳು.

“ಸರ್, ಪ್ಯಾಕೇಜಲ್ಲಿ ಎಲೆಕ್ಟ್ರಿಕಲ್ ಕೆಲಸ ಎಲ್ಲಾ ಫ್ರೀ. ಹೊರಗಿನ ನೀರು ಬಿದ್ದು ಕೆಟ್ರೆ ಮಾತ್ರ ಇಲ್ಲ. ಪುಟ ಮೂವತ್ತೊಂದು.”

ತ್ರಿವಿಕ್ರಮ ತನ್ನ ಪ್ರತಿಯನ್ನು ತೆಗೆದು ತಿರುವಿದ. ಪುಟ ಮೂವತ್ತು ಅವನಿಗೆ ಬಾಯಿಪಾಠ. ಮೂವತ್ತೆರಡೂ ಬಾಯಿಪಾಠ. ಮೂವತ್ತೊಂದರ ಮೇಲೆ ಐದು ವರ್ಷದ ಹಿಂದೆ ಗೃಹಪ್ರವೇಶದ ಪಂಚಾಮೃತ ಚೆಲ್ಲಿ, ಹಾಳೆ ಅಂಟಿಕೊಂಡಿತ್ತು.

“ಮೇಡಂ, ನಾಳೆ ತುಮಕೂರಿಗೆ ಹೋಗ್ಬೇಕು. ಏನಾದ್ರೂ ದಾರಿ ಇಲ್ವಾ?”

ದಿವ್ಯ ಪೆನ್ನಿನಿಂದ ಕೆನ್ನೆ ಕೆರೆದುಕೊಂಡಳು. “ಮೆಕ್ಯಾನಿಕ್ ಬರೆದಿದ್ದು ಅಂದಾಜು ಅಷ್ಟೇ. ನಿಮ್ಮ ಬೇಸ್‌ಮೆಂಟಲ್ಲಿ ನೀರು ಬೀಳೋದೇ ಇಲ್ಲ ಅಂತ ಅಸೋಸಿಯೇಷನ್‌ನಿಂದ ಒಂದು ಲೆಟರ್ ತನ್ನಿ. ಆಗ ಇದು ಒಳಗಿನ ದೋಷ ಅಂತ ಹಾಕಿ ಪಾಸ್ ಮಾಡ್ತೀನಿ. ಅದಾಗೋವರೆಗೂ ಗಾಡಿ ಒಳಗೆ ತಗೊಳ್ಳೋ ಹಾಗಿಲ್ಲ.”

ಮುನೇಶನ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು ತ್ರಿವಿಕ್ರಮ ಹೊರಟ. ದಾರಿಯುದ್ದಕ್ಕೂ ಅವನ ಅಂತರಾತ್ಮ ಚುಚ್ಚಿತು. ಪುಸ್ತಕ ಒಂದು ದಿನ ತಡವಾಗಿ ತಂದ ವಿದ್ಯಾರ್ಥಿಗಳಿಗೆ ‘ಸುಳ್ಳು ಹೇಳಬೇಡ, ದಂಡ ಕಟ್ಟು’ ಎಂದು ಇಪ್ಪತ್ತೆರಡು ವರ್ಷ ಹೇಳಿದವನು ಅವನು. ಆದರೆ ತುಮಕೂರಿನಲ್ಲಿ ಪಂಕಜಾಳ ಇಡೀ ವಂಶ ಕಾಯುತ್ತಿತ್ತು. ಅಂತರಾತ್ಮಕ್ಕೆ ಭಾವಮೈದುನರು ಇರುವುದಿಲ್ಲ, ಆದ್ದರಿಂದಲೇ ಅದು ಅಷ್ಟು ಧೈರ್ಯವಾಗಿ ಮಾತಾಡುತ್ತದೆ.

ಅಸೋಸಿಯೇಷನ್ನಿನ ಸೆಕ್ರೆಟರಿ ನಿರಂಜನ ಮೂರನೇ ಮಹಡಿಯವರು. ನೀರು ಬೀಳುವುದಿಲ್ಲ ಎಂದು ಬರೆದುಕೊಡಿ ಎಂದು ಕೇಳುವುದು ಹೇಗೆಂದು ತ್ರಿವಿಕ್ರಮ ಲಿಫ್ಟಿನಲ್ಲಿ ನಾಲ್ಕು ವಾಕ್ಯ ಜೋಡಿಸಿಕೊಂಡಿದ್ದ. ಅವುಗಳಲ್ಲಿ ಮೊದಲನೆಯದೂ ಪೂರ್ತಿ ಬೇಕಾಗಲಿಲ್ಲ. ನಿರಂಜನ ಮೇಜಿನ ಖಾನೆ ಎಳೆದು, ಟೈಪ್ ಮಾಡಿ ಸಹಿ ಹಾಕಿಟ್ಟಿದ್ದ ಹಾಳೆಗಳ ಕಟ್ಟಿನಿಂದ ಒಂದನ್ನು ತೆಗೆದುಕೊಟ್ಟರು.

“ಮೊದಲೇ ಮಾಡ್ಸಿದೀರಾ ಸರ್?”

“ನಮ್ಮ ಫ್ಲಾಟ್ ಮಾರ್ತಿದೀನಿ ಕಣ್ರೀ. ನೋಡೋಕೆ ಬಂದವ್ರಿಗೆಲ್ಲ ಒಂದೊಂದು ಕೊಡ್ತೀನಿ. ಇವತ್ತೂ ಹನ್ನೆರಡಕ್ಕೆ ಒಬ್ರು ಬರ್ತಿದಾರೆ,” ಎಂದು ನಿರಂಜನ ಧ್ವನಿ ತಗ್ಗಿಸಿದರು. “ಅವ್ರನ್ನ ಬೇಸ್‌ಮೆಂಟಿಗೆ ಕರ್ಕೊಂಡು ಹೋಗಲ್ಲ. ನೀವೂ ಆ ಹೊತ್ತಲ್ಲಿ ಕಾರು ತಿರುಗಿಸ್ಬೇಡಿ.”

ಪತ್ರದಲ್ಲಿ ಹೀಗಿತ್ತು: ‘ನಮ್ಮ ಕಟ್ಟಡದ ಬೇಸ್‌ಮೆಂಟಿನಲ್ಲಿ ಇಂದಿನವರೆಗೆ ಒಂದು ಹನಿ ನೀರೂ ಸೋರಿರುವುದಿಲ್ಲ. ಹಪ್ಪಳ ಒಣಗಿಸಲು ಕೂಡ ಇದು ಯೋಗ್ಯವಾಗಿದೆಯೆಂದು ದೃಢೀಕರಿಸಲಾಗಿದೆ.’

ಕೆಳಗೆ ನೂರ್‌ಜಹಾನ್ ಮೇಡಂ ಬಿಲ್ಡರಿಗೆ ಕೊಡುವ ಅರ್ಜಿಯನ್ನು ಹಿಡಿದು ಕಾಯುತ್ತಿದ್ದರು. ಬೇಸ್‌ಮೆಂಟಿನ ಸೋರಿಕೆ ಮೊದಲನೇ ದೂರು. ಅದರ ಹಿಂದೆ ಹದಿಮೂರು ದೂರುಗಳು ಸಾಲುಗಟ್ಟಿದ್ದವು. ಟೈಲ್ಸು ಬಿಟ್ಟುಕೊಂಡಿದೆ, ಲಿಫ್ಟು ಎರಡನೇ ಮಹಡಿಯಲ್ಲಿ ನಿಟ್ಟುಸಿರು ಬಿಡುತ್ತದೆ, ಮೂರನೇ ಮಹಡಿಯವರ ಬಾಲ್ಕನಿಯಲ್ಲಿ ಬಿಲ್ಡರ್ ನೆಟ್ಟ ಬೋಗನ್‌ವಿಲ್ಲಾ ಹೂ ಬಿಟ್ಟಿಲ್ಲ. ಹದಿನಾಲ್ಕನೆಯದು, ಎದುರು ಮನೆಯವರ ನಾಯಿ ಬೊಗಳುತ್ತದೆ.

“ಮೇಡಂ, ನಾಯಿಗೂ ಬಿಲ್ಡರಿಗೂ ಏನು ಸಂಬಂಧ?”

“ಗೋಡೆ ತೆಳ್ಳಗಿದೆ ಅಂತ ಅರ್ಥ ಸರ್. ನೀವು ಕೊಡಿ, ಅವ್ರು ಬಿಡಿಸ್ಕೊಳ್ಳಿ.”

ಒಂದು ಗಂಟೆಗೆ ದಿವ್ಯ ಹಪ್ಪಳದ ಪತ್ರವನ್ನು ಓದಿ, ಫೈಲಿಗೆ ಹಾಕಿ, “ಆಯ್ತು ಸರ್, ಪಾಸ್ ಮಾಡಿದೀನಿ. ಶೆಡ್ಡಲ್ಲಿ ಜಾಗ ಇಲ್ಲ, ಸಂಜೆ ನಾಲ್ಕಕ್ಕೆ ಫೋನ್ ಮಾಡ್ತೀನಿ, ತಂದುಬಿಡಿ,” ಎಂದಳು. ತ್ರಿವಿಕ್ರಮನಿಗೆ ಊಟ ಮಾಡದೆಯೇ ಹೊಟ್ಟೆ ತುಂಬಿತು. ಸುಳ್ಳು ಇಷ್ಟು ಸಲೀಸು ಎಂದು ಗೊತ್ತಿದ್ದರೆ ಅವನು ಗ್ರಂಥಪಾಲಕನಾಗಿ ಉಳಿಯುತ್ತಿರಲಿಲ್ಲ.

ಅದೇ ಉಮೇದಿನಲ್ಲಿ ಯಲಹಂಕದಲ್ಲಿದ್ದ ಬಿಲ್ಡರ್ ಅನಂತರಾಜು ಅವರ ಕಚೇರಿಗೆ ಹೋದ. ಕಡ್ಲೆಕಾಯಿ, ರಾಗಿ ಬೆಳೆಯುತ್ತಿದ್ದ ತಮ್ಮ ಹೊಲದಲ್ಲೇ ಅಪಾರ್ಟ್‌ಮೆಂಟು ಬೆಳೆಯಲು ಕಲಿತ ಮನೆತನ ಅವರದು. ಅನಂತರಾಜು ಹದಿನಾಲ್ಕೂ ದೂರುಗಳನ್ನು ಶಾಂತವಾಗಿ ಓದಿದರು. ನಾಯಿಯ ಹತ್ತಿರ ಬಂದಾಗ ಸ್ವಲ್ಪ ತಲೆ ಎತ್ತಿ ನೋಡಿದರು, ಅಷ್ಟೇ.

“ಸಾರ್, ಕರಾರಲ್ಲಿ ಇರೋದು ಸೋರಿಕೆ ಅಂತ. ನಿಮ್ದು ಸೋರಿಕೆ ಅಲ್ಲ, ತೇವ. ಬೇಸ್‌ಮೆಂಟ್ ಅಂದ್ಮೇಲೆ ತೇವ ಇರ್ಬೇಕು, ಇಲ್ದಿದ್ರೆ ಕಟ್ಟಡಕ್ಕೆ ಒಳ್ಳೇದಲ್ಲ.”

“ಟಪ್ ಟಪ್ ಅಂತ ಬೀಳುತ್ತೆ ಸರ್.”

“ಜೋರಾಗಿರೋ ತೇವ.”

“ಪುಟ ಐವತ್ನಾಲ್ಕು ನೋಡಿ ಸರ್. ಕಟ್ಟಡದ ದೋಷದಿಂದ ಮಾಲೀಕರ ವಸ್ತು ಕೆಟ್ರೆ ಅದನ್ನೂ ಸರಿ ಮಾಡಿಕೊಡ್ಬೇಕು. ನನ್ನ ಕಾರಿನ ಬಾನೆಟ್ ಪೂರ್ತಿ ಬಣ್ಣ ಬಿಟ್ಟಿದೆ.”

“ನೀರಿಂದಾನೇ ಕೆಟ್ಟಿದ್ದು ಅಂತ ತಿಳಿದವರು ಯಾರಾದ್ರೂ ಬರೆದಿದಾರಾ? ಹಂಗಿದ್ರೆ ಕೊಡಿ, ನಾಳೇನೇ ಕೆಲಸದವ್ರನ್ನ ಕಳಿಸ್ತೀನಿ. ಇಲ್ದಿದ್ರೆ ಇವತ್ತಿಗೆ ಕರಾರು ಮುಗೀತು, ನಮಸ್ಕಾರ.”

ತ್ರಿವಿಕ್ರಮನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಬುದ್ಧಿ ಒಂದು ಕ್ಷಣ ತಡೆಯಿತು. ಆದರೆ ಎರಡು ಕಚೇರಿ, ಎರಡು ಊರು, ಎರಡು ಫೈಲು. ಕೊಡಿಗೇಹಳ್ಳಿಯ ಸುಳ್ಳಿಗೂ ಯಲಹಂಕದ ಸತ್ಯಕ್ಕೂ ಎಲ್ಲಿಯ ನಂಟು? ಮುನೇಶನ ಚೀಟಿಯನ್ನು ಮೇಜಿನ ಮೇಲೆ ಬಿಡಿಸಿಟ್ಟ.

ಅನಂತರಾಜು ಓದಿದರು. ಅಕ್ಷರಗಳಿಗಿಂತ ಹೆಚ್ಚು ಹೊತ್ತು ಹಾಳೆಯ ತಲೆಯ ಮೇಲಿದ್ದ ಹೆಸರನ್ನು ನೋಡಿದರು. ಅವರ ಮುಖ ನಿಧಾನವಾಗಿ ಕೆಂಪಾಗಿ, ಆಮೇಲೆ ಇನ್ನೇನೋ ಆಯಿತು.

“ಈ ಸರ್ವಿಸ್ ಸೆಂಟರ್‌ನೋರೇ ಬರೆದಿದ್ದಾ ಇದು?”

“ಹೌದು ಸರ್. ಮೊಹರಿದೆ ನೋಡಿ.”

“ನೋಡ್ದೆ.” ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. “ಸಂಜೆ ನಾಲ್ಕೂವರೆಗೆ ಜಕ್ಕೂರು ಹಳ್ಳಿ ಒಳಗೆ ನಮ್ಮ ಮನೆಗೆ ಬನ್ನಿ ಸಾರ್. ಅಲ್ಲೇ ತೀರ್ಮಾನ ಮಾಡೋಣ. ಕಾರೂ ತನ್ನಿ.”

ಬಿಲ್ಡರೊಬ್ಬರು ಗಿರಾಕಿಯನ್ನು ಫ್ಲಾಟು ಮಾರಿದ ಮೇಲೂ ಮನೆಗೆ ಕರೆದದ್ದು ಬೆಂಗಳೂರಿನ ಇತಿಹಾಸದಲ್ಲೇ ಇಲ್ಲ. ತ್ರಿವಿಕ್ರಮ ಪಂಕಜಾಳಿಗೆ ಫೋನ್ ಮಾಡಿ, “ಎರಡೂ ಗೆದ್ದೆ ಕಣೇ. ರೇಷ್ಮೆ ಸೀರೆ ಇಸ್ತ್ರಿ ಮಾಡಿಸ್ಕೊ,” ಎಂದ. ನಾಲ್ಕು ಗಂಟೆಗೆ ದಿವ್ಯಳ ಫೋನು ಬರಲಿಲ್ಲ. ಶೆಡ್ಡಿನಲ್ಲಿ ಜಾಗ ಆಗಿರಲಿಕ್ಕಿಲ್ಲ ಎಂದುಕೊಂಡ.

ಜಕ್ಕೂರು ಹಳ್ಳಿಯ ಓಣಿ ಹೊಕ್ಕು, ಹಳೆಯ ಹೆಂಚಿನ ಮನೆಗೆ ಮೂರು ಅಂತಸ್ತು ಅಂಟಿಸಿದ್ದ ಮನೆಯ ಅಂಗಳಕ್ಕೆ ಕಾರು ಬಂತು. ಗೇಟಿನಲ್ಲಿ ಎಡಕ್ಕೆ ತಿರುಗಬೇಕಿದ್ದರಿಂದ ಬಂದದ್ದು ಯಾರೆಂದು ಇಡೀ ಓಣಿಗೆ ತಿಳಿಯಿತು. ಎಂಜಿನ್ ಒಮ್ಮೆ ಕೆಮ್ಮಿ, ತಾನೇ ಆರಿತು.

ಜಗುಲಿಯ ಮೇಲೆ, ಎಂಬತ್ತರ ಹತ್ತಿರದ, ಬಿಳಿ ಮೀಸೆಯ ಮುದುಕರೊಬ್ಬರು ಕುರ್ಚಿಯಲ್ಲಿ ಕೂತಿದ್ದರು. ಅನಂತರಾಜು ಅವರ ತಂದೆ ದೊಡ್ಡಮುನಿಯಪ್ಪ. ಅವರ ಎಡಕ್ಕೆ ಅನಂತರಾಜು. ಬಲಕ್ಕೆ, ಬೆಳಗಿನ ನಗುವಿನಲ್ಲಿ ಒಂದಿಷ್ಟೂ ಉಳಿಸಿಕೊಳ್ಳದೆ, ಸರ್ವಿಸ್ ಸೆಂಟರಿನ ದಿವ್ಯ.

ತ್ರಿವಿಕ್ರಮ ಕಾರಿನ ಬಾಗಿಲು ತೆರೆದವನು ಅದನ್ನು ಹಿಡಿದುಕೊಂಡೇ ನಿಂತ.

“ಬನ್ನಿ ಮೇಷ್ಟ್ರೇ, ಕೂತ್ಕಳಿ,” ಎಂದರು ದೊಡ್ಡಮುನಿಯಪ್ಪ. “ಇವನು ನನ್ ಮಗ. ಇವಳು ಇವನ ಮಗಳು. ಇಬ್ರೂ ಗೊತ್ತಲ್ಲ ನಿಮ್ಗೆ.”

ಗೊತ್ತಿತ್ತು. ಬೇರೆ ಬೇರೆಯಾಗಿ ಗೊತ್ತಿತ್ತು.

ಮುದುಕರು ಎರಡು ಹಾಳೆಗಳನ್ನು ಎರಡು ಕೈಯಲ್ಲಿ ಹಿಡಿದು ತಕ್ಕಡಿಯಂತೆ ತೂಗಿದರು. “ಈ ಕಾಗ್ದದಾಗೆ ನೀರು ಬಿದ್ದೈತೆ. ಈ ಕಾಗ್ದದಾಗೆ ಅಪ್ಪಳ ಒಣಗ್ಸಬೌದು ಅಂತೈತೆ. ಎರಡನ್ನೂ ತಂದೋರು ನೀವೇ. ಈಗ ಯೋಳಿ ಮೇಷ್ಟ್ರೇ, ನೀರು ಬಿತ್ತಾ, ಬೀಳ್ಲಿಲ್ವಾ?”

ತ್ರಿವಿಕ್ರಮ ಎರಡೂ ಹಾಳೆ ನೋಡಿದ. ಯಾವ ಉತ್ತರ ಕೊಟ್ಟರೂ ಒಂದು ಕಡೆ ಸುಳ್ಳುಗಾರನಾಗುತ್ತಿದ್ದ. ಕಣ್ಣು ಕೆಳಗೆ ಹೋಯಿತು. ಕಾಲೇಜಿನಲ್ಲಿ, ಪುಸ್ತಕದ ಹಾಳೆ ಹರಿದು ಸಿಕ್ಕಿಬಿದ್ದ ಹುಡುಗರು ಹೀಗೆಯೇ ಕಾಲಬೆರಳು ನೋಡುತ್ತ ನಿಲ್ಲುತ್ತಿದ್ದರು. ಅವರಿಗೆ ಎಷ್ಟು ಕಷ್ಟವಾಗುತ್ತಿತ್ತೆಂದು ಅವನಿಗೆ ಇಂದು ತಿಳಿಯಿತು.

“ತಪ್ಪಾಯ್ತು ಸರ್,” ಎಂದ.

ಬೈಗುಳಕ್ಕೆ ತಲೆ ತಗ್ಗಿಸಿ ಕಾದ. ಬೈಗುಳ ಬರಲಿಲ್ಲ. ತಲೆ ಎತ್ತಿದರೆ ಮುದುಕರ ಕಣ್ಣು ಒದ್ದೆಯಾಗಿತ್ತು.

“ತಪ್ಪಲ್ಲ ಮೇಷ್ಟ್ರೇ. ನೀವು ನಮ್ ಮನೆ ದೇವ್ರು,” ಎಂದರು. “ಕೊಡಿಗೇಳ್ಳಿ ಗೇಟ್ ತಾವ ಇರೋ ಜಾಗ ನಾನು ಮೊಮ್ಮಗಳ ಎಸ್ರಿಗೆ ಬರ್ದೆ. ಅಲ್ಲಿ ಅಪಾರ್ಟ್‌ಮೆಂಟ್ ಕಟ್ಬೇಕು ಅಂತ ಇವ್ನು. ಕಾರ್ ಶೆಡ್ಡೇ ಆಕ್ತೀನಿ ಅಂತ ಇವ್ಳು. ಮೂರು ವರ್ಷ ಅಪ್ಪ ಮಗಳು ಒಂದ್ ಮಾತಾಡಿಲ್ಲ. ಅಬ್ಬಕ್ಕೆ ಒಬ್ರು ಬಂದ್ರೆ ಒಬ್ರಿಲ್ಲ. ಇವತ್ತು ಮೂರು ಗಂಟೆಗೆ, ನನ್ ಬಿಲ್ಡಿಂಗ್ ಮೇಲೆ ನೀನು ಎಂಗೆ ಬರೆಸ್ದೆ ಅಂತ ಬಯ್ಯಕ್ಕೆ ಇವ್ನು ಫೋನ್ ಮಾಡ್ದ. ಯಾವ್ ನೀರು, ಬಿದ್ದಿಲ್ಲ ಅಂತ ನಿಮ್ ಬಿಲ್ಡಿಂಗ್‌ನೋರೇ ಬರ್ದವ್ರಲ್ಲ ಅಂತ ಇವ್ಳು ತಿರುಗಿ ಬಯ್ದ್ಲು. ಬಯ್ಕೊಂಡು ಬಯ್ಕೊಂಡು, ಅರ್ಧ ಗಂಟೆ ಆದ್ಮೇಲೆ ಇಬ್ರೂ ನಿಮ್ಮನ್ನ ಬಯ್ಯಕ್ಕೆ ಶುರು ಮಾಡಿದ್ರು. ಅಲ್ಲಿಗೆ ರಾಜಿ ಆಗೋಯ್ತು.”

ಒಳಗಿನಿಂದ ದೊಡ್ಡಮುನಿಯಪ್ಪನವರ ಹೆಂಡತಿ ಸುಬ್ಬಮ್ಮ ಶ್ಯಾವಿಗೆ ಪಾಯಸದ ದೊಡ್ಡ ಲೋಟವೊಂದನ್ನು ತಂದು ತ್ರಿವಿಕ್ರಮನ ಕೈಗಿಟ್ಟರು. “ಕುಡೀರಪ್ಪ. ನಿಮ್ ಒಟ್ಟೆ ತಣ್ಣಗಿರ್ಲಿ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಅನಂತರಾಜು ಕೆಮ್ಮಿದರು. ದಿವ್ಯ ಅಪ್ಪನ ಅಂಗಿಯ ತೋಳಿಗೆ ಅಂಟಿದ್ದ ಸಿಮೆಂಟಿನ ಕಲೆಯನ್ನು ಉಗುರಿನಿಂದ ಕೆರೆದಳು. ತ್ರಿವಿಕ್ರಮನೂ ಕರವಸ್ತ್ರ ಹುಡುಕಿದ. ಅವನು ಕೆಟ್ಟವನಲ್ಲ. ಇಷ್ಟು ಸಂತೋಷವಾಗಿರುವ ಮನೆಯವರು ಫ್ಯೂಸ್ ಬಾಕ್ಸ್ ಒಂದನ್ನು ಇಲ್ಲವೆನ್ನುತ್ತಾರೆಯೇ ಎಂಬ ಆಸೆಯೂ ಪಾಯಸದ ದ್ರಾಕ್ಷಿಯಂತೆ ಮೇಲಕ್ಕೆ ತೇಲಿತು.

“ಹಾಗಾದ್ರೆ ಸರ್, ನನ್ನ ಕಾರು…” ಎಂದ ಮೆಲ್ಲಗೆ.

“ಆಂ, ಅದೊಂದು ಐತಲ್ಲ,” ಎಂದು ದೊಡ್ಡಮುನಿಯಪ್ಪ ಹಾಳೆಗಳನ್ನು ಮತ್ತೆ ಕೈಗೆತ್ತಿಕೊಂಡರು. ಒದ್ದೆಯಾಗಿದ್ದ ಕಣ್ಣು ಒಂದೇ ಚಣದಲ್ಲಿ ಒಣಗಿ, ಹೊಲವನ್ನು ಅಡಿ ಲೆಕ್ಕದಲ್ಲಿ ಮಾರಿದವರ ಕಣ್ಣಾಯಿತು. “ನ್ಯಾಯ ನ್ಯಾಯವೇ. ನೀರು ಬೀಳ್ತಿಲ್ಲ ಅಂತ ನಿಮ್ ಸೆಕ್ರೆಟರೀನೇ ಸೈನ್ ಆಕವ್ರೆ. ಅಂದ್ಮೇಲೆ ನನ್ ಮಗ ಚಾವಣಿ ರಿಪೇರಿ ಮಾಡೋ ಅಂಗಿಲ್ಲ.” ಎಡಗೈಯ ಹಾಳೆ ಅನಂತರಾಜುವಿಗೆ ಹೋಯಿತು. “ನೀರಿಂದಾನೇ ಕೆಟ್ಟೈತೆ ಅಂತ ನಮ್ ಮುನೇಶ ಬರ್ದವ್ನೆ. ಅಂದ್ಮೇಲೆ ನನ್ ಮೊಮ್ಮಗಳು ಕಾರ್ ರಿಪೇರಿ ಮಾಡೋ ಅಂಗಿಲ್ಲ.” ಬಲಗೈಯ ಹಾಳೆ ದಿವ್ಯಳಿಗೆ ಹೋಯಿತು. “ಅಲ್ವೇನಪ್ಪ?”

“ಹೌದಪ್ಪ,” ಎಂದರು ಅನಂತರಾಜು.

“ಹೌದು ತಾತ,” ಎಂದಳು ದಿವ್ಯ.

ಮೂರು ವರ್ಷದಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ವಿಷಯ ಅದು. ಸುಬ್ಬಮ್ಮ ಮತ್ತೆ ಕಣ್ಣೊರೆಸಿಕೊಂಡರು.

“ಆದ್ರೆ ನಾಯಿದು ಮಾತ್ರ ನೋಡ್ತೀನಿ ಸಾರ್,” ಎಂದರು ಅನಂತರಾಜು ಉದಾರವಾಗಿ. “ಆ ನಾಯಿ ಮಾಲೀಕ ನಮ್ ಭಾವಮೈದ.”

ತ್ರಿವಿಕ್ರಮ ಪಾಯಸ ಕುಡಿದ, ಅದೊಂದನ್ನಾದರೂ ಬಿಡಬಾರದೆಂದು. ಐದು ಗಂಟೆಯಾಯಿತು. ಕಾರೊಳಗೆ ಕೂತು ಕೀಲಿ ತಿರುಗಿಸಿದ. ಏನೂ ಆಗಲಿಲ್ಲ. ಸ್ಟೀರಿಂಗನ್ನು ಎಡಕ್ಕೂ ತಿರುಗಿಸಿದ. ಹಾರ್ನ್ ಕೂಡ ಕೂಗಲಿಲ್ಲ. ಜೇಬಿನಲ್ಲಿದ್ದ ಫೋನು ಮಾತ್ರ ಕೂಗಿತು. ಪಂಕಜಾ. ನಾಳೆ ಗೊರಗುಂಟೆಪಾಳ್ಯದಿಂದ ತುಮಕೂರಿಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆಂದು ವಿಚಾರಿಸಿಕೊಂಡು ಆಮೇಲೆ ಎತ್ತಿದರಾಯಿತೆಂದು ಅದನ್ನು ಹಾಗೆಯೇ ಬಿಟ್ಟ.

“ಪಾಪ, ಸ್ಟಾರ್ಟೇ ಆಗ್ತಿಲ್ಲ. ಬಾಮ್ಮ, ಒಂದ್ ಕೈ ಹಾಕು,” ಎಂದರು ಅನಂತರಾಜು.

ದಿವ್ಯ ಚಪ್ಪಲಿ ಬಿಟ್ಟು, ತೋಳು ಮಡಚಿ ಬಂದಳು. ಅಪ್ಪ ಮಗಳು ಹೆಗಲಿಗೆ ಹೆಗಲು ಕೊಟ್ಟು, ಒಬ್ಬರನ್ನೊಬ್ಬರು ನೋಡಿ ನಗುತ್ತ, ಕಾರನ್ನು ಅಂಗಳದಿಂದ ಗೇಟಿನವರೆಗೂ ತಳ್ಳಿದರು. ಅಲ್ಲಿ ನಿಲ್ಲಿಸಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಜಗುಲಿಯಿಂದ ಮುದುಕರು ಕೂಗಿದರು:

“ಇನ್ನೆರಡು ಗಜ ತಳ್ರೋ. ಚಕ್ರ ನಾಲ್ಕೂ ರಸ್ತೇಲಿರ್ಲಿ. ನಮ್ ಅಂಗಳದಾಗಿದ್ರೆ ಇಲ್ಲೇ ಕೆಡ್ತು ಅಂತ ಮೇಷ್ಟ್ರು ಬೆಳಿಗ್ಗೆ ಇನ್ನೊಂದು ಕಾಗ್ದ ತತ್ತಾರೆ.”